ಕಿವಿ ಮಡಚುವ ಕಾರು

"ಮಂಜುಳನ ಮದುವೆಗೆ ಹೆಣ್ಣಿನ ಗಾಡಿ ಅಂದ್ರೆ ನಮ್ಮ ಗಾಡಿ! ಬೇರೆ ಗಾಡಿಯಿಂದ ಹೆಣ್ಣು ಇಳಿದ್ರೆ ನನ್ನ ಹೆಸರು ಪಾಲಾಕ್ಷನೇ ಅಲ್ಲ!"

ಮಧುಗಿರಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಪಾಲಾಕ್ಷ ಹೀಗೆ ಘೋಷಿಸಿದಾಗ ಹೆಂಡತಿ ಧನಲಕ್ಷ್ಮಿ ಹುರುಳಿಕಾಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆಸರು ಬದಲಾಯಿಸೋದಾದ್ರೆ ಆಧಾರ್ ಕಾರ್ಡಲ್ಲೂ ಬದಲಾಯಿಸ್ಬೇಕು. ಕ್ಯೂ ಉದ್ದ ಇರುತ್ತೆ, ಬೇಗ ಹೋಗಿ," ಎಂದಳು.

ಮಂಜುಳ ಧನಲಕ್ಷ್ಮಿಯ ತಮ್ಮ ಜಯಣ್ಣನ ಮಗಳು. ಮದುವೆ ಶಿರಾದ ಚೌಲ್ಟ್ರಿಯಲ್ಲಿ. ಹೊಳವನಹಳ್ಳಿಯಿಂದ ಹೆಣ್ಣನ್ನು ಕರೆದೊಯ್ಯಲು ಜಯಣ್ಣ ಶಿರಾದ ಕರೀಮ್ ಸಾಬರ ಹಳೇ ಬಿಳಿ ಕಾರಿಗೆ ಮಾತಾಡಿಬಿಟ್ಟಿದ್ದ. ಸ್ವಂತ ಭಾವ ಹೊಸ ಕಾರು ಕೊಂಡಿರುವಾಗ ಬಾಡಿಗೆ ಕಾರು! ಪಾಲಾಕ್ಷನಿಗೆ ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ. ಎರಡನೇ ಮುದ್ದೆ ಅಂತೂ ಬಹಳ ನಿಧಾನವಾಗಿ ಇಳಿಯಿತು.

ಅದೇನು ಅಂತಿಂಥ ಕಾರೇ? ಕೀಲಿ ಜೇಬಲ್ಲಿದ್ದರೆ ಸಾಕು, ತೂತು ಹುಡುಕಿ ತುರುಕಿ ತಿರುವುವ ಕೂಲಿ ಕೆಲಸ ಇಲ್ಲ. ಯಜಮಾನ ಹತ್ತಿರ ಬಂದರೆ ಎರಡು ಪಕ್ಕದ ಕನ್ನಡಿಗಳೂ ಕಿವಿಯಂತೆ ಬಿಚ್ಚಿಕೊಂಡು ಬೀಗ ತಾನಾಗಿ ತೆಗೆದುಕೊಳ್ಳುತ್ತದೆ. ದೂರ ಹೋದರೆ ಕಿವಿ ಮಡಚಿ, ಟಕ್ ಅಂತ ಬೀಗ ಹಾಕಿಕೊಳ್ಳುತ್ತದೆ. ಗುಂಡಿ ಒತ್ತಿದರೆ ಸ್ಟಾರ್ಟ್! ಕಾರು ಬಂದ ವಾರವೆಲ್ಲ ಪಾಲಾಕ್ಷ ಅಂಗಡಿ ಮುಂದೆ ಕಾರಿನ ಹತ್ತಿರ ಹೋಗುವುದು, ದೂರ ಬರುವುದು, ಮತ್ತೆ ಹತ್ತಿರ ಹೋಗುವುದು, ಇದೇ ಕಸುಬು ಮಾಡಿಕೊಂಡಿದ್ದ. ಕುಕ್ಕರ್ ಕೊಳ್ಳಲು ಬಂದವರು ಇವನ ಓಡಾಟ ನೋಡಿ, ಪಾಪ ಹೊಟ್ಟೆ ಕೆಟ್ಟಿರಬೇಕೆಂದು ವಾಪಸು ಹೋದರು.

"ಒಂದ್ಸಲ ಜಯಣ್ಣ ಇದನ್ನ ಕಣ್ಣಾರೆ ನೋಡ್ಲಿ. ಕರೀಮ್ ಸಾಬ್‌ಗೆ ಅಲ್ಲೇ ಫೋನ್ ಮಾಡಿ ಬೇಡ ಅಂತಾನೆ!"

ಭಾನುವಾರ ಗಂಡ ಹೆಂಡತಿ ಹೊಳವನಹಳ್ಳಿಗೆ ಹೋದರು. ಊರಾಚೆ ಇರುವ ಜಯಣ್ಣನ ಮನೆಯಲ್ಲಿ ಊಟ, ಎಲೆಅಡಿಕೆ, ಮದುವೆ ಮಾತು ಎಲ್ಲ ಮುಗಿದು ಹೊರಡುವ ಹೊತ್ತಾಯಿತು. ಜಯಣ್ಣನ ಹೆಂಡತಿ ಮಹಾಲಕ್ಷ್ಮಮ್ಮ, "ಅಣ್ಣ, ಹೊಸ ಗಾಡಿ ಕೀಲಿ ಕೊಡಿ, ಅರಿಶಿನ ಕುಂಕುಮ ಇಡ್ತೀನಿ," ಎಂದಳು. ಪಾಲಾಕ್ಷ ರಾಜಮುದ್ರೆ ಒಪ್ಪಿಸುವವನಂತೆ ಕೀಲಿ ಕೊಟ್ಟ. ಅವಳು ಅದನ್ನು ತಟ್ಟೆಯಲ್ಲಿ ವೀಳ್ಯದೆಲೆ, ಕೊಬ್ಬರಿ, ಬೆಲ್ಲ, ರವಿಕೆ ಕಣದ ಪಕ್ಕ ಇಟ್ಟು ಕುಂಕುಮ ಹಚ್ಚಿದಳು. ಆಮೇಲೆ ಅತ್ತಿಗೆಗೆ ಮಡಿಲು ತುಂಬಲು ನಿಂತಳು. ಧನಲಕ್ಷ್ಮಿ ಸೆರಗೊಡ್ಡಿದಳು. ಬೊಗಸೆ ಬೊಗಸೆ ಅಕ್ಕಿ ಬಿತ್ತು. ಕೊನೆಗೆ ಮಹಾಲಕ್ಷ್ಮಮ್ಮ ತಟ್ಟೆಯನ್ನೇ ಎತ್ತಿ ಸರ್ರಂತ ಮಡಿಲಿಗೆ ಸುರಿದಳು. ಧನಲಕ್ಷ್ಮಿ ಸೆರಗು ಸುತ್ತಿ ಸೊಂಟಕ್ಕೆ ಭದ್ರವಾಗಿ ಗಂಟು ಹಾಕಿದಳು.

ಕೀಲಿ ಎಲ್ಲಿಗೆ ಹೋಯಿತೆಂದು ನಿಮಗೆ ಗೊತ್ತಾಯಿತು. ಆ ಮನೆಯಲ್ಲಿ ಮಾತ್ರ ಒಬ್ಬರಿಗೂ ಗೊತ್ತಾಗಲಿಲ್ಲ! ಪಾಲಾಕ್ಷ ಜೇಬು ತಟ್ಟಿ ನೋಡಿಕೊಂಡ. ಗಟ್ಟಿಯಾಗಿ ಏನೋ ಇತ್ತು. ಸುಣ್ಣದ ಡಬ್ಬಿ.

ಗಂಡ ಹೆಂಡತಿ ಒಟ್ಟಿಗೆ ಕಾರಿನ ಹತ್ತಿರ ಬಂದರು. ಕಿವಿ ಬಿಚ್ಚಿತು. "ನೋಡ್ದಾ ಜಯಣ್ಣ? ಯಜಮಾನನ ಗುರುತು!" ಧನಲಕ್ಷ್ಮಿ ಮುಂದೆ ಕೂತಳು. ಪಾಲಾಕ್ಷ ಗುಂಡಿ ಒತ್ತಿದ. ಬುರ್ರ್!

ಅಷ್ಟರಲ್ಲಿ ಒಳಗಿನಿಂದ ಮಹಾಲಕ್ಷ್ಮಮ್ಮ, "ಅತ್ತಿಗೇ, ಸಂಡಿಗೆ ಡಬ್ಬ ಮರ್ತ್ರಿ!" ಎಂದಳು. ಧನಲಕ್ಷ್ಮಿ ಇಳಿದು ಒಳಗೆ ಹೋದಳು. ನಾದಿನಿ ಅತ್ತಿಗೆ ಸಂಡಿಗೆ ಡಬ್ಬ ಹಿಡಿದು ನಿಂತರೆ ಏನಾಗುತ್ತದೆ ಎಂಬುದು ಪಾಲಾಕ್ಷನಿಗೆ ಅನುಭವದಿಂದ ಗೊತ್ತು. "ಇವರ ಮಾತು ಮುಗಿಯೋಷ್ಟರಲ್ಲಿ ಪಾವಗಡಕ್ಕೆ ಹೋಗಿ ಬರಬಹುದು. ಹತ್ತು ಜಯಣ್ಣ, ಒಂದು ರೌಂಡು!"

ಕಾರು ಹೊರಟಿತು. ಹೊರಟ ಕ್ಷಣದಿಂದ ಟುಂಯ್ ಟುಂಯ್ ಎಂದು ಅಳತೊಡಗಿತು.

"ಯಾಕೋ ಬಡ್ಕೋತಾ ಐತಲ್ಲ ಭಾವ?"

"ನೀನು ಬೆಲ್ಟ್ ಹಾಕಿಲ್ಲ ಅಂತ ಬೈತಾ ಐತೆ."

ಜಯಣ್ಣ ಬೆಲ್ಟು ಹಾಕಿಕೊಂಡ. ಟುಂಯ್ ಟುಂಯ್.

"ಇನ್ನೂ ಬೈತದಲ್ಲ?"

"ನಿನ್ನ ಹೊಟ್ಟೆ ನೋಡಿ ನಂಬ್ತಾ ಇಲ್ಲ. ಬಿಗಿಯಾಗಿ ಎಳ್ಕೋ!"

ಊರೊಳಗಿನ ಬಸ್ ಸ್ಟಾಪ್ ಬಂತು. ಟೀ ಅಂಗಡಿ ಮುಂದೆ ಒಳ್ಳೆ ಜನ! ಪಾಲಾಕ್ಷ ಬಸ್ಸು ನಿಲ್ಲುವ ಜಾಗದಲ್ಲೇ ಕಾರು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಒಂದು ಬೆರಳಿಗೆ ಆಫ್, ಒಂದು ಬೆರಳಿಗೆ ಆನ್. ನೋಡ್ತಿರು!"

ಆಫ್ ಆಯಿತು. ಆನ್ ಆಗಲಿಲ್ಲ. ತೋರುಬೆರಳು ಒತ್ತಿದ, ಹೆಬ್ಬೆರಳು ಒತ್ತಿದ, ಕೊನೆಗೆ ಉಂಗುರದ ಬೆರಳಿಗೂ ಅವಕಾಶ ಕೊಟ್ಟ. ಪರದೆಯ ಮೇಲೆ ಕೀಲಿಯ ಚಿತ್ರ ಬಂತು. ಪಾಲಾಕ್ಷ ಜೇಬಿಗೆ ಕೈ ಹಾಕಿ ಸುಣ್ಣದ ಡಬ್ಬಿ ಹೊರತೆಗೆದ. ಅದನ್ನು ನೋಡಿದ. ಜಯಣ್ಣನೂ ನೋಡಿದ.

"ಭಾವ, ಈ ಕಾರು ಸುಣ್ಣ ಕೇಳ್ತದಾ?"

ಸ್ಟೇರಿಂಗೂ ಬಿಗಿದುಕೊಂಡಿತ್ತು. ತಳ್ಳುವಂತಿಲ್ಲ, ತಿರುಗಿಸುವಂತಿಲ್ಲ. ಹಿಂದೆ ಕೊರಟಗೆರೆ ಬಸ್ಸು ಬಂದು ನಿಂತು, ಊರಿಗೆಲ್ಲ ಕೇಳುವಂತೆ ಹಾರನ್ ಬಾರಿಸಿತು. ಪಾಲಾಕ್ಷ ಕೆಳಗಿಳಿದು ಹೆಂಡತಿಗೆ ಫೋನ್ ಮಾಡಿದ.

"ಕೀಲಿ ಎಲ್ಲೇ?"

"ನಿಮ್ಮ ಕಾರು ನಿಮ್ಮ ಕೀಲಿ. ನನ್ನೇನು ಕೇಳ್ತೀರಿ?"

ಮನೆಯೆಲ್ಲ ಹುಡುಕಿದರು. ಕೀಲಿ ಇಲ್ಲ. ಕೊನೆಗೆ ಧನಲಕ್ಷ್ಮಿ, ಮಡಿಲನ್ನು ಹಸುಗೂಸಿನಂತೆ ಅವುಚಿಕೊಂಡು, ಮಹಾಲಕ್ಷ್ಮಮ್ಮನ ಸ್ಕೂಟರಿನ ಹಿಂದೆ ಕೂತು ಬಂದೇಬಿಟ್ಟಳು. ಅವಳು ಇಳಿದು ಹತ್ತಿರ ಬಂದದ್ದೇ ತಡ, ಕಾರಿನ ಕನ್ನಡಿಗಳು ಒಮ್ಮೆ ಮಡಚಿ ಮತ್ತೆ ಅರಳಿ, ದೀಪ ಮಿನುಗಿತು!

ಮಹಾಲಕ್ಷ್ಮಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಶಿವನೇ! ತಟ್ಟೆ ಸಮೇತ ಸುರಿದ್ಬುಟ್ಟೆ! ಕೀಲಿ ಅತ್ತಿಗೆ ಮಡಿಲಲ್ಲೈತೆ!"

"ಬಿಚ್ಚು!" ಎಂದ ಪಾಲಾಕ್ಷ.

"ಏನಂದ್ರಿ?"

"ಮಡಿಲು ಬಿಚ್ಚೇ! ಬಸ್ಸು ನಿಂತಿದೆ!"

"ತವರಿನ ಮಡಿಲಕ್ಕೀನ ನಮ್ಮನೆ ದೇವರ ಮುಂದೆ ಬಿಚ್ಚಬೇಕು. ಬಸ್ ಸ್ಟಾಪಲ್ಲಿ, ಇಷ್ಟು ಜನ ಗಂಡಸರ ಮುಂದೆ ಬಿಚ್ಚೋದಾ? ನನ್ನ ತಮ್ಮನ ಮನೆ ಅಕ್ಕಿ ಕೋಳಿ ಪಾಲಾಗ್ಲಿ ಅಂತಲಾ? ಮಗಳ ಮದುವೆ ಇಟ್ಕೊಂಡಿರೋ ಮನೆ ಕಣ್ರೀ ಅದು!"

"ಬರೀ ಅಕ್ಕಿ ಕಣೇ!"

ಈ ಮಾತು ಆಡಬಾರದಿತ್ತು. ಧನಲಕ್ಷ್ಮಿ ಮುಖ ತಿರುಗಿಸಿಕೊಂಡು ದಾಪುಗಾಲು ಹಾಕಿ ಟೀ ಅಂಗಡಿಯ ಆಚೆ ಕಟ್ಟೆ ಮೇಲೆ ಕೂತಳು. ಕಾರು ಕಿವಿ ಮಡಚಿತು. ಟಕ್! ನಾಲ್ಕೂ ಬಾಗಿಲು ಬೀಗ.

ಒಳಗೆ ಜಯಣ್ಣ ಇದ್ದ! ಬೆಲ್ಟು ಬಿಚ್ಚುವುದು ತಿಳಿಯದೆ ಪಾಪ ಅಲ್ಲೇ ಕೂತಿದ್ದ. ಈಗ ಗಾಬರಿಯಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿ, ಎಳೆದು, ತಿರುಚಿ, ಬಾಗಿಲ ಚಿಲಕವನ್ನು ಜಗ್ಗಿದ. ಬಾಗಿಲು ತೆರೆಯಿತು. ಜೊತೆಗೆ ಕಾರಿನ ಬಾಯೂ ತೆರೆಯಿತು. ಕುಂಯ್ಯೋ! ಕುಂಯ್ಯೋ! ಕಳ್ಳ ನುಗ್ಗಿದನೆಂದು ಕಾರು ಲಬೋ ಲಬೋ ಬಡಿದುಕೊಂಡಿತು. ಪಕ್ಕದ ಮಾರ್ಕೆಟ್ಟಿನಿಂದಲೂ ಜನ ಓಡಿ ಬಂದರು.

ಹಣ್ಣು ಹಣ್ಣು ಮುದುಕಿಯೊಬ್ಬಳು ಒಳಗೆ ಬಗ್ಗಿ ನೋಡಿ, "ಲೇ ಜಯಣ್ಣ, ಮಗಳ ಮದ್ವೆ ಖರ್ಚಿಗೆ ಕಷ್ಟ ಅಂದಿದ್ರೆ ನಾವೇ ಏನಾರ ಕೊಡ್ತಿರ್ಲಿಲ್ವೇನ್ಲಾ? ಕಾರ್ ಕದಿಯೋಕೆ ಬಂದ್ಬುಟ್ಯಾ?" ಎಂದಳು. ಬೆಲ್ಟಿನಲ್ಲಿ ಕಟ್ಟಿಹಾಕಿದಂತೆ ಕೂತಿದ್ದ ಜಯಣ್ಣನನ್ನು ನೋಡಿದರೆ ಯಾರಿಗಾದರೂ ಕಳ್ಳ ಸಿಕ್ಕಿಬಿದ್ದ ಹಾಗೇ ಕಾಣುತ್ತಿತ್ತು.

ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತ ಇಳಿದು ಬಂದ. "ಯಾರ್ರೀ ಗಾಡಿ ಓನರ್ರು?"

"ನಾನು!" ಪಾಲಾಕ್ಷ ಎದೆ ಮುಂದೆ ಮಾಡಿ ಬಾಗಿಲಿಗೆ ಕೈ ಇಟ್ಟ. ಕುಂಯ್ಯೋ ಕುಂಯ್ಯೋ!

"ಸುಳ್ ಯಾಕ್ರೀ ಹೇಳ್ತೀರ? ನೀವು ಮುಟ್ಟಿದ್ರೂ ಕಿರುಚ್ತದೆ, ಅವ್ರು ಕೂತಿದ್ರೂ ಕಿರುಚ್ತದೆ. ಆಯಮ್ಮ ಬಂದಾಗ ಮಾತ್ರ ಕಿವಿ ಬಿಚ್ತು, ನಾನೇ ನೋಡ್ದೆ." ಆಮೇಲೆ ಕಟ್ಟೆಯ ಕಡೆ ತಿರುಗಿ ಕೈ ಮುಗಿದ. "ಅಮ್ಮಾ ಓನರ್ರೇ, ಒಂಚೂರು ದಯ ಮಾಡ್ಸಿ. ನಿಮ್ಮ ಡ್ರೈವರ್‌ಗೆ ಹೇಳಿ ಗಾಡಿ ಪಕ್ಕಕ್ಕೆ ಹಾಕ್ಸಿ ತಾಯೀ!"

ಧನಲಕ್ಷ್ಮಿ ಎದ್ದಳು. ಒಂದು ಕೈ ಮಡಿಲ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ. ಜನ ದಾರಿ ಬಿಟ್ಟರು. ಅವಳು ಬಾಗಿಲು ಮುಟ್ಟಿದಳು. ಕುಂಯ್ಯೋ ನಿಂತಿತು. ಕಿವಿ ಬಿಚ್ಚಿತು. ತಮ್ಮನ ಬೆಲ್ಟು ಬಿಚ್ಚಿ ಅವನನ್ನು ಇಳಿಸಿ, ತಾನು ಆ ಸೀಟಿನಲ್ಲಿ ಕೂತು, ಸ್ಟೇರಿಂಗ್ ಮುಂದೆ ಬಂದು ಕೂತ ಗಂಡನಿಗೆ ಅಪ್ಪಣೆ ಕೊಟ್ಟಳು: "ಒತ್ರೀ ಗುಂಡೀನ."

ಒತ್ತಿದ. ಬುರ್ರ್! ಬಸ್ಸಿನೊಳಗಿನ ಪ್ರಯಾಣಿಕರೆಲ್ಲ ಚಪ್ಪಾಳೆ ಹೊಡೆದರು.

ಕಾರು ಪಕ್ಕಕ್ಕೆ ನಿಂತ ಮೇಲೆ ಜಯಣ್ಣ ಕಿಟಕಿಗೆ ಬಂದ. ಪಾಲಾಕ್ಷ ಗಾಜು ಇಳಿಸಿದ. ಮದುವೆಯ ಮಾತು ಈಗ ತೀರ್ಮಾನವಾಗಬೇಕು!

"ಭಾವ, ಹೆಣ್ಣಿನ ಗಾಡಿ ನಿಮ್ದೇ ಆಗ್ಲಿ. ಇಂಥ ಗಾಡೀನ ಕಳ್ಳ ಕೂಡ ಕದಿಯಕ್ಕಾಗಲ್ಲ. ಹೆಣ್ಣಿನ ಮೈಮೇಲೆ ಒಡವೆ ಇರ್ತದಲ್ಲ, ನಂಗೂ ಧೈರ್ಯ."

ಪಾಲಾಕ್ಷನ ಮೀಸೆ ತಾನಾಗಿ ಮೇಲೆದ್ದಿತು. "ನಾನು ಆವತ್ತೇ ಹೇಳಲಿಲ್ವಾ?"

"ಆದ್ರೆ ಕೀಲಿ ಅಕ್ಕನ ಹತ್ರ ಇರ್ಬೇಕು, ಅಕ್ಕ ಮುಂದೆ ಕೂತಿರ್ಬೇಕು. ಹಿಂದೆ ಹೆಣ್ಣು, ನಮ್ಮನೆಯೋಳು, ಕಳಸಗಿತ್ತಿ. ಓಡ್ಸೋಕೆ ಕರೀಮ್ ಸಾಬ್‌ಗೆ ಹೇಳ್ತೀನಿ, ಅವ್ರಿಗೆ ಮಾತು ತಪ್ಪಿದಂಗೂ ಆಗಲ್ಲ."

"ನಾನು?"

"ನೀವು ಹೆಣ್ಣಿನ ಕಡೆ ಬಸ್ಸಲ್ಲಿ ಬನ್ನಿ ಭಾವ. ತಲೆ ಎಣಿಸೋಕೆ ಒಬ್ರು ದೊಡ್ಡೋರು ಬೇಕಲ್ಲ?"

ಪಾಲಾಕ್ಷ ಹೆಂಡತಿಯ ಮುಖ ನೋಡಿದ. ಅವಳು ಸೀಟು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು, ಗಂಡನಿಗೆ ಬಹಳ ಪ್ರೀತಿಯಿಂದ ಹೇಳಿದಳು:

"ಎಣಿಸೋವಾಗ ನಿಮ್ಮನ್ನ ನೀವು ಮರೆತು ಬಿಟ್ಟು ಬರಬೇಡಿ."