ಕಾಣೆಯಾದ ‘ಶೇ’

ಗೋಂದು ಮೆತ್ತಿದ ಕೈ ಒರೆಸಿಕೊಳ್ಳಲು ಬೈಂಡಿಂಗ್ ಅಕ್ಕ ಮಿಷನ್ನಿನ ಕೆಳಗಿಂದ ಒಂದು ಹಾಳೆ ಎತ್ತಿಕೊಂಡಳು. ಒರೆಸುವ ಮೊದಲು ಅದನ್ನು ಓದಿಬಿಟ್ಟಳು. ಎಲ್ಲ ಶುರುವಾದದ್ದು ಅಲ್ಲಿಂದ.

“ಏನೋ ಕಾಗುಣಿತ, ಇದು ನೀನು ತಿದ್ದಿದ್ದೇನಾ?”

ಆ ಮುದ್ರಣಾಲಯದಲ್ಲಿ ಹನ್ನೊಂದು ವರ್ಷದಿಂದ ಕರಡು ತಿದ್ದುತ್ತಿದ್ದ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಕಾಗುಣಿತ. ಕನ್ನಡಕ ಮೇಲೇರಿಸಿ ನೋಡಿದ. ಹೊಸ ಚಹಾ ಅಂಗಡಿಯವರು ಮಾಚಾ ಎಂಬ ಜಪಾನಿ ಹಸಿರು ಚಹಾ ಪುಡಿಯ ಡಬ್ಬಿಯೊಂದಿಗೆ ಕೊಡಲು ಮಾಡಿಸಿದ್ದ ಕರಪತ್ರ ಅದು. ‘ಉತ್ಕರ್ಷಣ ನಿರೋಧಕ ಗುಣಗಳು ತುಂಬಿವೆ’ ಎಂದಿರಬೇಕಾದ ಕಡೆ ‘ಉತ್ಕರ್ಷ ನಿರೋಧಕ’ ಎಂದಿತ್ತು. ಅಂದರೆ, ಕುಡಿದವರು ಈ ಜನ್ಮದಲ್ಲಿ ಉದ್ಧಾರವಾಗುವುದಿಲ್ಲ. ನಾಲ್ಕನೆಯ ಸಾಲಿನಲ್ಲಿ ಆಯಸ್ಸು ಹೆಚ್ಚುವ ಬದಲು ಆಯಾಸ ಹೆಚ್ಚುತ್ತಿತ್ತು. ಕೊನೆಯ ಸಾಲನ್ನು ಅವನು ಎರಡು ಸಲ ಓದಿದ. ‘ಈ ವಿಶೇಷ ಪುಡಿಯನ್ನು ಮನೆಮಂದಿಯೆಲ್ಲ ಕುಡಿಯಿರಿ’ ಎಂಬಲ್ಲಿ ‘ಶೇ’ ಮಾಯವಾಗಿತ್ತು.

ವಿಷ ಪುಡಿ!

ನಿನ್ನೆ ಹಲ್ಲುನೋವಿನ ನಡುವೆ ಅರೆಗಣ್ಣಿನಲ್ಲಿ ನೋಡಿ, ಸಹಿ ಹಾಕಿ, ಮಧ್ಯಾಹ್ನವೇ ಮನೆಗೆ ಓಡಿದ್ದು ಅವನಿಗೆ ನೆನಪಾಯಿತು.

“ಬಂಡಲ್ ಎಲ್ಲಿದೆ ಅಕ್ಕಾ?”

“ಮಿಷನ್ ಅಣ್ಣ ಬೆಳಿಗ್ಗೆನೇ ಅಂಗಡಿಗೆ ತಗೊಂಡು ಹೋದ್ನಲ್ಲ. ಹತ್ತೂವರೆಗೆ ಉದ್ಘಾಟನೆ. ಆರೋಗ್ಯ ಇಲಾಖೆ ಸಾಹೇಬ್ರು ಬೇರೆ ಬರ್ತಾರಂತೆ.”

ಅವನು ಅಚ್ಚಿನ ಯಂತ್ರ ನಡೆಸುವ ಮಿಷನ್ ಅಣ್ಣನಿಗೆ ಫೋನ್ ಮಾಡಿದ. ಅದು ಕಾಗದ ಕತ್ತರಿಸುವ ಮೇಜಿನ ಮೇಲೆಯೇ ಗುಂಯ್‌ಗುಟ್ಟಿತು. ಅಣ್ಣ ಅದನ್ನು ಮರೆತು ಹೋಗಿದ್ದ.

“ಆ ಅಂಗಡಿಯವ್ರು ಮೊದ್ಲು ಕುಸ್ತಿ ಆಡ್ತಿದ್ರು, ಗೊತ್ತಾ?” ಎಂದಳು ಅಕ್ಕ ಧೈರ್ಯ ಹೇಳುವ ದನಿಯಲ್ಲಿ. “ಸಿಟ್ಟು ಬಂದ್ರೆ ಎತ್ತಿ ಒಗೀತಾರಂತೆ. ಇನ್ನು ಅದನ್ನ ಕುಡಿದು ಯಾರಿಗಾದ್ರೂ ಸುಮ್ನೆ ತಲೆ ಸುತ್ತಿದ್ರೂ ಸಾಕು, ಕೇಸು ನಿನ್ ಮೇಲೇ. ಸಹಿ ನಿಂದೇ ಅಲ್ವಾ?” ಅವನ ಕುರ್ಚಿಯತ್ತ ನೋಡಿ ಕೇಳಿದಳು, “ಒಂದು ವೇಳೆ ನೀನು ವಾಪಸ್ ಬರದಿದ್ರೆ, ನಿನ್ ಕುರ್ಚಿ ದಿಂಬು ನಾನು ತಗೊಳ್ಲಾ?”

ಅವನು ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಓಡಿದ. ಮಾಚಾ ಎಂಬ ಹೆಸರಿನೊಳಗೂ ಅವನಿಗೆ ಮಚ್ಚೊಂದು ಕಾಣಿಸತೊಡಗಿತ್ತು. “ವಿಷ ಅಲ್ಲ, ವಿಶೇಷ. ವಿಷ ಅಲ್ಲ, ವಿಶೇಷ” ಎಂದು ದಾರಿಯುದ್ದಕ್ಕೂ ಜಪಿಸಿದ. ಬಸ್‌ಸ್ಟಾಪಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಮೊದಲ ಪದವನ್ನಷ್ಟೇ ಕೇಳಿಸಿಕೊಂಡು ಮಗುವನ್ನು ಪಕ್ಕಕ್ಕೆಳೆದುಕೊಂಡಳು.

ಹಂಚುವ ಮೊದಲೇ ಬಂಡಲ್ ಎತ್ತಿಕೊಂಡು ಹಿಂಬಾಗಿಲಿನಿಂದ ಜಾರಿಕೊಳ್ಳುವುದು ಅವನ ಯೋಜನೆ. ಆದರೆ ಅಂಗಡಿ ತಲುಪಿ ನೋಡಿದರೆ ಬಂಡಲ್ ಇದ್ದದ್ದು ಆರೋಗ್ಯಾಧಿಕಾರಿಯ ಮೊಣಕೈ ಪಕ್ಕದಲ್ಲೇ. ಇಪ್ಪತ್ತು ಮಂದಿ ಕುರ್ಚಿಗಳಲ್ಲಿ ಕೂತಿದ್ದರು. ಅವನು ಮೆಲ್ಲಗೆ ಕೈಚಾಚುತ್ತಿದ್ದಂತೆ ಹೆಗಲ ಮೇಲೆ ಒನಕೆಯಂಥ ತೋಳೊಂದು ಬಿತ್ತು.

“ಪ್ರೆಸ್ಸಿನವ್ರಲ್ವಾ ನೀವು?” ಅಂಗಡಿಯವರ ಪಿಸುಮಾತಿಗೇ ಗಾಜಿನ ಡಬ್ಬಿಗಳು ಕಿಣಿಗುಟ್ಟಿದವು. “ಒಳ್ಳೆ ಹೊತ್ತಿಗೆ ಬಂದ್ರಿ! ನಾನು ಮಾಡಿ ತೋರಿಸ್ತೀನಿ, ನೀವು ಓದ್ತಾ ಹೋಗಿ. ಓದೋಕೆ ನಿಮಗಿಂತ ಬೇಕಾ? ಆಮೇಲೆ ಎಲ್ಲರಿಗೂ ಒಂದೊಂದು ಹಂಚಿ.”

“ಬೇಡ, ಹಂಚೋದು ಬೇಡ!” ಎಂದು ಕಿರುಚಿದ ಕಾಗುಣಿತ. “ನಾನೇ… ಬಾಯಲ್ಲೇ… ಪೂರ್ತಿ ಹೇಳ್ತೀನಿ.”

ಅಂಗಡಿಯವರು ಅವನ ಒಂದು ಕೈಗೆ ಮೇಲಿನ ಹಾಳೆ ತುರುಕಿದರು, ಇನ್ನೊಂದು ಕೈಗೆ ಹೊಗೆಯಾಡುವ ಬಟ್ಟಲು. ಹಬೆಗೆ ಕನ್ನಡಕ ಮಂಜಾಯಿತು. ಒಳ್ಳೆಯದೇ ಆಯಿತು ಎಂದುಕೊಂಡ. ಅಲ್ಲೇನಿದೆಯೆಂದು ಅವನಿಗೆ ಗೊತ್ತೇ ಇತ್ತು. ನೆನಪಿನಿಂದ ತಿದ್ದಿಕೊಂಡು ಹೇಳಿದರಾಯಿತು. ಹಿಂದಿನ ಸಾಲಿನಲ್ಲಿ ಮಿಷನ್ ಅಣ್ಣ ಎದ್ದುನಿಂತು ಎರಡೂ ಕೈ ಜೋರಾಗಿ ಆಡಿಸುತ್ತಿದ್ದುದು ಮಸುಕಾಗಿ ಕಂಡಿತು. ನಿನ್ನ ಕತೆ ಮುಗೀತು ಎನ್ನುತ್ತಿದ್ದಾನೆಂದು ಅವನು ಅತ್ತ ನೋಡುವುದನ್ನೇ ಬಿಟ್ಟ.

“ಇದರಲ್ಲಿ ಉತ್ಕರ್ಷ-ಣ ನಿರೋಧಕ ಗುಣಗಳು ತುಂಬಿವೆ,” ಎಂದು ‘ಣ’ಕ್ಕೆ ಮೊಳೆ ಹೊಡೆದಂತೆ ಹೇಳಿದ. “ಅಂದ್ರೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ನಮ್ಮ ದೇಹದ ಕಣಗಳೂ ಸವೀತಾವೆ. ಆ ಸವೆತಕ್ಕೆ ಇದು ಅಡ್ಡ ನಿಲ್ಲುತ್ತೆ.” ಅಧಿಕಾರಿ ತಲೆದೂಗಿದರು. “ಪುಡಿಯನ್ನು ಜರಡಿ ಹಿಡಿಯಿರಿ. ಕುದಿಯೋ ನೀರು ಬೇಡ, ಕಹಿಯಾಗುತ್ತೆ. ಕುದಿ ಇಳಿದ ಮೇಲೆ ಹಾಕಿ.” ಅಂಗಡಿಯವರು ಬಿದಿರಿನ ಪುಟ್ಟ ಕಡೆಗೋಲಿನಿಂದ ಅತ್ತಿಂದಿತ್ತ ಕಡೆದರು, ಹಸಿರು ನೊರೆ ಉಕ್ಕಿತು. “ಆಯಸ್ಸು, ಹ್ಞಾಂ, ಆಯಸ್ಸು ಹೆಚ್ಚಲಿ!”

ಚಪ್ಪಾಳೆ ಬಿತ್ತು. ಅಂಗಡಿಯವರು ಎಲ್ಲರ ಕೈಗೂ ಕೊಟ್ಟ ಇಪ್ಪತ್ತು ಬಟ್ಟಲು ತುಟಿಯ ಹತ್ತಿರ ಹೋದವು. ಎರಡು ಗಂಡಾಂತರ ದಾಟಿದ ಅವನ ಜೀವ ಹಗುರಾಯಿತು, ನಾಲಗೆ ಸಡಿಲವಾಯಿತು. ಉಳಿದದ್ದು ಒಂದೇ ಸಾಲು.

“ಆದ್ದರಿಂದ ಈ ವಿಷ ಪುಡಿಯನ್ನು ಮನೆಮಂದಿಯೆಲ್ಲ ಕುಡಿಯಿರಿ!”

ಮುಂದಿನ ಸಾಲಿನ ಮುದುಕರೊಬ್ಬರು ಬಾಯಲ್ಲಿದ್ದುದನ್ನು ಹಾಗೇ ಬಟ್ಟಲಿಗೆ ಬಿಟ್ಟರು. ಉಳಿದವರು ಬಟ್ಟಲುಗಳನ್ನು ನಿಧಾನವಾಗಿ, ಬಾಂಬಿನಂತೆ, ಮೇಜಿನ ಮೇಲಿಟ್ಟರು.

“ಏನಂದ್ರಿ?” ಅಧಿಕಾರಿ ಎದ್ದುನಿಂತರು.

“ನನ್ ತಪ್ಪಲ್ಲ ಸಾರ್!” ಕಾಗುಣಿತನ ದನಿ ಕೀಚಲಾಯಿತು. “ಹಾಳೇಲೇ ಹಾಗಿದೆ! ಎಲ್ಲಾ ಹಾಳೇಲೂ ಹಾಗೇ ಇದೆ!”

ಅಧಿಕಾರಿ ಹಾಳೆ ಕಿತ್ತುಕೊಂಡು ಓದಿದರು. “ವಿಶೇಷ ಅಂತ ಸರಿಯಾಗೇ ಇದೆಯಲ್ರೀ.”

“ನಾನು ಅದನ್ನೇ ಅಲ್ವೇನೋ ಅಲ್ಲಿಂದ ಕೈ ಮಾಡಿ ಹೇಳ್ತಿದ್ದಿದ್ದು!” ಎಂದು ಹಿಂದಿನಿಂದ ಮಿಷನ್ ಅಣ್ಣ ಹಣೆ ಚಚ್ಚಿಕೊಂಡ. “ನಿನ್ನೆ ಮೊದಲನೇ ಹಾಳೆ ಹೊಡೆದಾಗ್ಲೇ ತಪ್ಪು ಕಂಡೆ. ನಿನ್ ಮಾನ ಉಳೀಲಿ ಅಂತ ಯಾರಿಗೂ ಹೇಳ್ದೆ ಆ ಹಾಳೆ ಮಿಷನ್ ಕೆಳಗೆ ಬಿಸಾಕಿ, ಅಚ್ಚಿನ ಪ್ಲೇಟ್ ಬದಲಾಯಿಸಿ ಹೊಡೆದೆ.”

ಅಂಗಡಿಯವರು ಅವನನ್ನು ಕುರ್ಚಿಯೊಂದರಲ್ಲಿ ಕೂರಿಸಿ, ಯಾರೂ ಕುಡಿಯದ ಬಟ್ಟಲುಗಳನ್ನು ಒಂದೊಂದಾಗಿ ಅವನ ಮುಂದೆ ಜೋಡಿಸಿದರು.

“ವಿಷ ಅಲ್ಲ ಅಂತ ಸಾಹೇಬ್ರಿಗೆ ಕುಡಿದು ತೋರ್ಸಿ,” ಎಂದರು ಮೃದುವಾಗಿ.

ಮೂರನೆಯ ಬಟ್ಟಲು ಮುಗಿಯುವ ಹೊತ್ತಿಗೆ ಕನ್ನಡಕದ ಮಂಜು ಆರಿತ್ತು. ಅಧಿಕಾರಿ ಎಸೆದ ಹಾಳೆ ಅವನ ತೊಡೆಯ ಮೇಲಿತ್ತು. ಹಿಂಬದಿಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಒಂದೇ ಒಂದು ಕಾಗುಣಿತದ ತಪ್ಪಿಲ್ಲದೆ ಹೀಗೆ ಅಚ್ಚಾಗಿತ್ತು: ‘ದಿನಕ್ಕೆ ಎರಡು ಬಟ್ಟಲು ಸಾಕು. ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ.’

ಅಂಗಡಿಯವರು ನಾಲ್ಕನೆಯ ಬಟ್ಟಲನ್ನು ಅವನತ್ತ ಸರಿಸಿದರು. ಅದರಾಚೆ ಇನ್ನೂ ಹದಿನೈದು ಇದ್ದವು.