ಕಾರಿನ ಮುಂದಕ್ಕೊಂದು ಕನ್ನಡಿ

ಮೂರು ಭಾಷೆ ಬರುತ್ತದೆಂದು ಹೇಳಿಕೊಳ್ಳುವವರಿಗೆ ಒಂದೂ ನೆಟ್ಟಗೆ ಬರುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಊರಿಗಾಂ ಚಿನ್ನದ ಗಣಿಯ ಕಚೇರಿಗೆ ಗುಮಾಸ್ತನಾಗಿ ಸೇರಿದ ಮೇಲೆ ನನ್ನ ನಾಲಿಗೆಗೆ ಅಲ್ಲಿನ ಕೆಲಸಗಾರರ ತಮಿಳು ಹತ್ತಿತು. ತಮಿಳಿನ ‘ಕಣ್ಣಾಡಿ’ ಬಹಳ ಉಪಕಾರಿ ಪದ. ಗಾಜೂ ಅದೇ, ಕನ್ನಡಿಯೂ ಅದೇ, ಮೂಗಿನ ಮೇಲಿನ ಕನ್ನಡಕವೂ ಅದೇ. ಹೀಗಿರುವಾಗ ಗಾಜು ಎಂಬ ಪದವನ್ನು ಸುಮ್ಮನೆ ಯಾಕೆ ಹೊತ್ತು ತಿರುಗಬೇಕೆಂದು ನಾನು ಅದನ್ನು ಬಿಟ್ಟೇಬಿಟ್ಟಿದ್ದೆ.

ಆಗ ನನ್ನ ಬಳಿ ಒಂದು ಹಳೇ ಕಾರಿತ್ತು. ಗಣಿಯ ದೊರೆಯೊಬ್ಬರು ಇಂಗ್ಲೆಂಡಿಗೆ ಹೊರಟಾಗ ಮಾರಿ ಹೋದದ್ದು. “ಆ ಡಬ್ಬದಲ್ಲಿ ನಾನು ಕೂರಲ್ಲ” ಎಂದು ನನ್ನ ಮಾವ ಅದನ್ನು ನೋಡುವ ಮೊದಲೇ ಘೋಷಿಸಿದ್ದರು. ಬಹಳ ಪುಸಲಾಯಿಸಿದ ಮೇಲೆ, ರೈಲಿನಲ್ಲಿ ಬಂಗಾರಪೇಟೆಗೆ ಬಂದು ಅಲ್ಲಿಂದ ನನ್ನ ಕಾರಿನಲ್ಲಿ ಮನೆಗೆ ಬರಲು ಒಪ್ಪಿದರು. ಒಪ್ಪಿದ ವಾರವೇ ನಮ್ಮೂರಿನ ಕೋರಮಂಡಲ್ ರಸ್ತೆಯಲ್ಲಿ ಲಾರಿಯ ಚಕ್ರದಿಂದ ಹಾರಿದ ಕಲ್ಲೊಂದು ಕಾರಿನ ಮುಂದಿನ ಗಾಜನ್ನು ಸೀಳಿತು. ಮಾವನ ಮುಂದೆ ನನ್ನ ಮಾನ ಉಳಿಯಬೇಕಾದರೆ ಅವರು ಬರುವುದರೊಳಗೆ ಹೊಸದು ಕೂರಬೇಕಿತ್ತು.

ಪುಣ್ಯಕ್ಕೆ ಅದು ಚಪ್ಪಟೆ ಗಾಜು. ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು, ಬಂಗಾರಪೇಟೆಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಗೆ ಹೋಗಿ, “ಕಾರಿನ ಮುಂದಕ್ಕೆ ಈ ಅಳತೆಯದೊಂದು ಕನ್ನಡಿ ಬೇಕು” ಎಂದೆ.

“ಕನ್ನಡೀನೇ ಏನ್ ಸಾಮಿ?”

“ಕನ್ನಡೀನೇ. ದಪ್ಪಗಿರಲಿ.”

“ಮುಖ ಯಾವ್ ಕಡೀಕೆ ಬರ್ಬೇಕು?”

ಕಸುಬು ಬಲ್ಲವನ ಪ್ರಶ್ನೆ ಎಂದು ಮೆಚ್ಚಿಕೊಂಡು, “ನನ್ನ ಕಡೆಗೇ ಇರಲಿ, ಓಡಿಸುವವನು ನಾನು ತಾನೇ” ಎಂದೆ. ಆತ ನನ್ನನ್ನು ಮೇಲಿಂದ ಕೆಳಗೊಮ್ಮೆ ನೋಡಿ, “ನಿಮ್ ಇಷ್ಟ ಸಾಮಿ” ಎಂದ.

ಮಾವ ಬರುವ ದಿನವೇ ಅಂಗಡಿಯವನು ಹುಲ್ಲು, ಗೋಣಿ ಸುತ್ತಿ ಕಳಿಸಿದ ಕಟ್ಟು ರೈಲಿನಲ್ಲಿ ಬಂತು. ಮೆಕಾನಿಕ್ ಆರೋಗ್ಯಂ ಒಡೆದ ಗಾಜನ್ನು ಕಿತ್ತು ಹಾಕಿ, ಕಟ್ಟು ಬಿಚ್ಚಿ, ಒಳಗಿದ್ದುದನ್ನು ಚೌಕಟ್ಟಿಗೆ ಹಿಡಿದ. ಸೀಟಿನಲ್ಲಿ ಕೂತಿದ್ದ ನನಗೆ ರಸ್ತೆ ಕಾಣಲಿಲ್ಲ. ಬಾಯಿ ತೆರೆದುಕೊಂಡ ನಾನೇ ಕಂಡೆ.

“ಕಣ್ಣಾಡಿ ರೊಂಬ ಚೆನ್ನಾಗೈತೆ ಸಾರ್,” ಎಂದ ಆರೋಗ್ಯಂ, “ಆದ್ರೆ ರೋಡು ಎಲ್ಲಿ?”

ರೈಲಿನ ಹೊತ್ತಾಗಿತ್ತು. ಮುಂದೆ ಗಾಜೇ ಇಲ್ಲದ ಕಾರಿನಲ್ಲಿ ಹೋಗಿ ಮಾವನನ್ನು ಕರೆತಂದೆ. ಗಣಿಯ ಮಣ್ಣುದಿಬ್ಬಗಳಿಂದ ಎದ್ದ ಬಿಳಿ ಧೂಳು ಇಬ್ಬರ ಮುಖಕ್ಕೂ ರಪರಪ ಬಡಿಯುತ್ತಿತ್ತು. ಮಾವ ದಾರಿಯುದ್ದಕ್ಕೂ ಕಣ್ಣು ಬಿಗಿಯಾಗಿ ಮುಚ್ಚಿ, ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮನೆ ತಲುಪಿದಾಗ ಅವರು ಹಿಟ್ಟಿನ ಗಿರಣಿಯಿಂದ ಬಂದವರ ಹಾಗಿದ್ದರು. ಜಗಲಿಯಲ್ಲಿ ಒರಗಿಸಿಟ್ಟಿದ್ದ ಆ ಕನ್ನಡಿಯಲ್ಲಿ ತಮ್ಮ ಬಿಳಿ ಮೀಸೆ ನೋಡಿಕೊಂಡು, “ಇದ್ಯಾಕಮ್ಮ ಇಲ್ಲೈತೆ?” ಎಂದು ಮಗಳನ್ನು ಕೇಳಿದರು.

“ಕಾರಿನ ಮುಂದಕ್ಕೆ ಆಕ್ಸಾಕೆ ತರಿಸವ್ರೆ ಅಪ್ಪ,” ಎಂದಳು ನನ್ನಾಕೆ. “ಗಾಡಿ ಓಡಿಸ್ವಾಗ ಇವ್ರು ಯಾವತ್ತೂ ನೋಡ್ಕಳ್ಳೋದು ಇವ್ರ ಮುಖಾನೇ. ಆ ಅಂಗಡಿಯೋನಿಗೆ ಎಂಗೆ ಗೊತ್ತಾಯ್ತೋ.”

ಮಾವ ಮೀಸೆಯ ಧೂಳೆಲ್ಲ ಉದುರುವ ಹಾಗೆ ನಕ್ಕರು.

ಗಾಜು ಆಮೇಲೆ ಬಂತು, ಕಾರು ಆಮೇಲೆ ಹೋಯಿತು. ಕನ್ನಡಿ ಮಾತ್ರ ಈಗಲೂ ನಮ್ಮ ನಡುಮನೆಯಲ್ಲಿದೆ. ಹೆಂಡತಿಯ ಆ ಮಾತು ಶುದ್ಧ ಅನ್ಯಾಯವೆಂದು, ಅದರ ಮುಂದೆ ನಿಂತು ಕ್ರಾಪು ತೀಡಿಕೊಳ್ಳುವಾಗಲೆಲ್ಲ ನನಗೆ ಅನ್ನಿಸುತ್ತದೆ.