ಗೆಲಾಕ್ಸಿಯ ನಟ್ಟನಡುವೆ

ಎಲ್ಲದಕ್ಕೂ ಮೂಲ ಆ ಹಾಳು ಕ್ಯಾಲೆಂಡರು. ಪುಣೆಯ ಬಿಬವೇವಾಡಿಯ ಕಿರಾಣಿ ಅಂಗಡಿಯವನು ಸಾಮಾನಿನ ಜೊತೆ ಪುಕ್ಕಟೆ ಕೊಟ್ಟಿದ್ದು. ಅದರ ಮಾರ್ಚ್ ಹಾಳೆಯಲ್ಲಿ ಸುರುಳಿ ಸುತ್ತಿಕೊಂಡ ಒಂದು ಗೆಲಾಕ್ಸಿಯ ಚಿತ್ರವಿತ್ತು. ಹೊಳಬಸಪ್ಪನವರು ಅದನ್ನು ನೋಡಿದ್ದೇ ತಡ, ಮುಂದಿನ ಹಾಳೆ ತಿರುಗಿಸುವುದನ್ನೇ ಬಿಟ್ಟರು. ಮೂರು ವರ್ಷವಾದರೂ ಅವರ ಮನೆಯ ಗೋಡೆಯ ಮೇಲೆ ಮಾರ್ಚ್ ಮುಗಿದಿಲ್ಲ. ಅಮಾವಾಸ್ಯೆ ಯಾವಾಗ ಎಂದು ನೋಡಲು ಹೆಂಡತಿ ಕಾಶವ್ವ ಪಕ್ಕದ ಮನೆಗೆ ಹೋಗುತ್ತಾರೆ.

ಹೊಳಬಸಪ್ಪನವರು ಒಂದು ಸಾರಿಗೆ ಕಂಪನಿಯ ಗುಮಾಸ್ತರು. ಯಾವ ಲಾರಿ ಎಲ್ಲಿ ಕೆಟ್ಟು ನಿಂತಿದೆ ಎಂದು ವಿಚಾರಿಸುವುದು ಅವರ ಕೆಲಸ. ಉಳಿದ ಹೊತ್ತೆಲ್ಲ ಅವರು ನಾಲ್ಕೂವರೆ ಕೋಟಿ ಜ್ಯೋತಿರ್ವರ್ಷ ಆಚೆಯ ಆ ಗೆಲಾಕ್ಸಿಯಲ್ಲೇ ಇರುತ್ತಿದ್ದರು. "ಆರಾಮ ಇದ್ದೀರೇನ್ರಿ?" ಎಂದು ಮಾತಿಗೆ ಕೇಳಿದವರಿಗೂ ಸುರುಳಿಯ ತೋಳುಗಳು, ತೋಳಿನುದ್ದಕ್ಕೂ ಹರಡಿದ ದೂಳಿನ ಪಟ್ಟಿಗಳು, ಅಲ್ಲಿ ಹೊಸದಾಗಿ ಹುಟ್ಟುವ ನೀಲಿ ನಕ್ಷತ್ರಗಳು, ಒಂದನ್ನೂ ಬಿಡದೆ ಬಡಿಸುತ್ತಿದ್ದರು. ಒಂದು ತೋಳು ಮುಗಿಯುವುದರೊಳಗೆ ಕೇಳುವವರು ಕಾಲಿಗೆ ಬುದ್ಧಿ ಹೇಳುತ್ತಿದ್ದರು.

ಪಾಪ, ಅವರಿಗೆ ನಿಜವಾಗಿ ಹೇಳಬೇಕಾಗಿದ್ದದ್ದು ತೋಳಿನ ವಿಷಯವೇ ಅಲ್ಲ, ನಡುವಿನದು. ಆ ಗೆಲಾಕ್ಸಿಯ ನಡುಭಾಗ ಸುಮ್ಮನೆ ಇರುವುದಲ್ಲ, ಧಗಧಗ ಉರಿಯುವುದು. ಅಷ್ಟು ಬೆಳಕಿನ ಒಳಗೆ ಕೂತಿರುವುದು ಒಂದು ಕಪ್ಪು ರಂಧ್ರ. ಅದಕ್ಕೆ ಸ್ವಂತ ಬೆಳಕಿಲ್ಲ. ಅದರ ಬಾಯಿಗೆ ಬೀಳಲು ಹೊರಟ ಅನಿಲವೇ ಕಾದು ಕೆಂಡವಾಗಿ ಲೋಕಕ್ಕೆಲ್ಲ ಕಾಣುತ್ತದೆ. ಇದನ್ನು ಮೊದಲ ಸಲ ಓದಿದ ದಿನ ಹೊಳಬಸಪ್ಪನವರ ಕಣ್ಣಲ್ಲಿ ನೀರು ಬಂದಿತ್ತು. ಒಬ್ಬರಿಗಾದರೂ ಇದನ್ನು ಹೇಳಬೇಕು ಎಂದು ಮೂರು ವರ್ಷದಿಂದ ಒದ್ದಾಡುತ್ತಿದ್ದರು. ಆದರೆ ಮೊದಲಿನಿಂದ ಹೇಳದೆ ಅವರಿಗೆ ಸಮಾಧಾನವಿಲ್ಲ. ನಡು ಬರುವ ಹೊತ್ತಿಗೆ ಎದುರಿಗೆ ಜನ ಇರುತ್ತಿರಲಿಲ್ಲ.

ಅಂಥವರಿಗೆ ಮುಳಾ-ಮುಠಾ ಕನ್ನಡ ಬಳಗದವರು ರಾಜ್ಯೋತ್ಸವದಲ್ಲಿ ಉಪನ್ಯಾಸ ಕೊಡಲು ಕರೆದರು. ಬರಬೇಕಿದ್ದ ಸಾಹಿತಿಗಳು ಕೈಕೊಟ್ಟಿದ್ದರು ಅನ್ನುವುದು ಬೇರೆ ಮಾತು.

"ಇವತ್ತರೆ ನಡು ಮುಟ್ಟತೀರೇನ್ರಿ?" ಸ್ಕೂಟರಿನ ಹಿಂದೆ ಕೂತ ಕಾಶವ್ವ ಕೇಳಿದರು.

"ಮುಕ್ಕಾಲು ತಾಸು ಕೊಟ್ಟಾರ. ಮುಟ್ಟದs ಏನು?"

ಸಭಾಂಗಣದ ಬಾಗಿಲಲ್ಲೇ ಬಳಗದ ಕಾರ್ಯದರ್ಶಿ ಕಾಂತಪ್ಪನವರು ಸಿಕ್ಕರು. ಕರಾವಳಿಯಿಂದ ಬಂದು ಪುಣೆಯಲ್ಲಿ ಹೋಟೆಲು ಕಟ್ಟಿದವರು. ಅವತ್ತಿನ ಊಟವೂ ಅವರ ಹೋಟೆಲಿನದೇ.

"ಹೊಳಬಸಪ್ಪನವರೇ, ಒಂದೆರಡು ಸನ್ಮಾನ ಜಾಸ್ತಿ ಆಯ್ತು. ನೀವು ಅರ್ಧ ಗಂಟೆಯಲ್ಲಿ ಮುಗಿಸ್ತೀರಾ ಮಾರಾಯ್ರೆ?"

ಒಂದೆರಡು ಎಂದರೆ ಎಷ್ಟು ಎಂದು ಆಮೇಲೆ ತಿಳಿಯಿತು. ಹಾಲ್ ಕೊಟ್ಟವರಿಗೆ, ಮೈಕು ಕೊಟ್ಟವರಿಗೆ, ಹೋದ ವರ್ಷ ಸನ್ಮಾನ ತಪ್ಪಿಹೋಗಿ ಮುನಿಸಿಕೊಂಡವರಿಗೆ, ಅವರಿಗೆ ಮಾಡಿದರೆ ನಮಗೇಕಿಲ್ಲ ಎಂದವರಿಗೆ, ಎಲ್ಲರಿಗೂ ಶಾಲು ಬಿತ್ತು. ನಿರೂಪಣೆಗೆ ನಿಂತವರು ಕಾಂತಪ್ಪನವರ ಹೆಂಡತಿ ಲೀಲಾಕ್ಷಿ. ಒಬ್ಬೊಬ್ಬರನ್ನು ಕರೆಯುವ ಮೊದಲೂ "ಸಮಯದ ಅಭಾವವಿರುವುದರಿಂದ" ಎಂದು ಶುರುಮಾಡಿ ಆ ಅಭಾವವನ್ನು ಇನ್ನಷ್ಟು ಹೆಚ್ಚಿಸುತ್ತಿದ್ದರು. ವೇದಿಕೆಯ ಮೂಲೆಯಲ್ಲಿ ಕೂತ ಹೊಳಬಸಪ್ಪನವರು ಮನಸ್ಸಿನಲ್ಲೇ ಗೆಲಾಕ್ಸಿ ಕಡಿಯತೊಡಗಿದರು. ದೂಳಿನ ಪಟ್ಟಿ ಹೋಯಿತು. ನೀಲಿ ನಕ್ಷತ್ರ ಹೋದವು. ಒಂದು ತೋಳು ಹೋಯಿತು.

ಕೊನೆಗೆ ಕಾಂತಪ್ಪನವರು ಬಗ್ಗಿ ಕಿವಿಯಲ್ಲಿ ಹೇಳಿದರು, "ಐದೇ ನಿಮಿಷ. ಜನರಿಗೆ ಹಸಿವು ಉಂಟು."

ಐದು ನಿಮಿಷ! ಹೊಳಬಸಪ್ಪನವರಿಗೆ ಮೊದಲು ಅಳು ಬಂತು, ಆಮೇಲೆ ಬುದ್ಧಿ ಬಂತು. ತೋಳು ಹಾಳಾಗಿ ಹೋಗಲಿ. ನೇರವಾಗಿ ನಡುವನ್ನೇ ಹೇಳಿಬಿಡುವುದು! ಐದು ನಿಮಿಷ ಧಾರಾಳವಾಯಿತು. ಮೂರು ವರ್ಷದಲ್ಲಿ ಅವರು ಮಾಡಿದ ಏಕೈಕ ಜಾಣತನದ ನಿರ್ಧಾರ ಇದು. ಗಂಟಲು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತರು.

"ಮಾನ್ಯರೇ, ಈ ಗೆಲಾಕ್ಸಿಯ ನಟ್ಟನಡುವೆ..."

ಅಷ್ಟರಲ್ಲಿ ಕಾಂತಪ್ಪನವರು ಫೋನು ಹಿಡಿದುಕೊಂಡೇ ಓಡಿಬಂದರು. ಊಟದ ಟೆಂಪೋ ಓಡಿಸುತ್ತಿದ್ದ ಅವಧೂತ ಆ ತುದಿಯಲ್ಲಿ ಕೂಗುತ್ತಿದ್ದದ್ದು ಇಡೀ ವೇದಿಕೆಗೆ ಕೇಳುತ್ತಿತ್ತು: "ಶೇಟ್, ಕಾತ್ರಜಲಾ ಫುಲ್ ಜಾಮ್ ಆಹೆ!"

"ಮಾರಾಯ್ರೆ, ನನ್ನ ಮರ್ಯಾದೆ ನಿಮ್ಮ ಕೈಯಲ್ಲಿ ಉಂಟು," ಕಾಂತಪ್ಪನವರು ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು. "ಟೆಂಪೋ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದೆ. ಅದು ಬರುವ ತನಕ ಮಾತಾಡ್ತಾ ಇರಿ. ನಿಲ್ಲಿಸ್ಬೇಡಿ."

"ಎಷ್ಟೊತ್ರಿ?"

"ಎಷ್ಟು ಬೇಕಾದ್ರೂ!"

ಮನುಷ್ಯ ಕೆಡುವುದು ಇಂಥ ಹೊತ್ತಿನಲ್ಲೇ ನೋಡಿ. ನಡುವಿನ ಮಾತು ಆಗಲೇ ನಾಲಗೆಯ ತುದಿಗೆ ಬಂದು ಕೂತಿತ್ತು. ಉಗುಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ 'ಎಷ್ಟು ಬೇಕಾದ್ರೂ' ಎಂಬ ಮಾತನ್ನು ಹೊಳಬಸಪ್ಪನವರಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಅವರಿಗೆ ದುರಾಸೆ ಹತ್ತಿತು. ನಾಲಗೆಯ ತುದಿಯಲ್ಲಿದ್ದದ್ದನ್ನು ನುಂಗಿಕೊಂಡರು.

"ನಟ್ಟನಡುವೆ ಏನದ ಅನ್ನೋದು ಆಮ್ಯಾಲೆ. ಮೊದಲು ತೋಳಿನಿಂದ ಶುರು ಮಾಡೋಣ್ರಿ," ಎಂದರು.

ಕಡಿದು ಬಿಸಾಕಿದ್ದ ತೋಳುಗಳೆಲ್ಲ ವಾಪಸು ಬಂದು ಕೂಡಿಕೊಂಡವು. ಹೊಸದಾಗಿ ಇನ್ನೆರಡು ಹುಟ್ಟಿದವು. ಅಷ್ಟು ಸಾಲದೆಂದು ನಮ್ಮ ಆಕಾಶಗಂಗೆಯನ್ನೂ ಎಳೆತಂದರು. ಅಚ್ಚರಿಯೆಂದರೆ ಒಬ್ಬರೂ ಎದ್ದು ಹೋಗಲಿಲ್ಲ. ಎಲ್ಲರೂ ನೆಟ್ಟ ನೋಟದಿಂದ ಕೂತಿದ್ದರು. ಅವರೆಲ್ಲ ನೋಡುತ್ತಿದ್ದದ್ದು ವೇದಿಕೆಯ ಹಿಂದಿನ ಊಟದ ಕೋಣೆಯ ಬಾಗಿಲನ್ನು ಎಂಬುದು ಹೊಳಬಸಪ್ಪನವರಿಗೆ ಹೊಳೆಯಲಿಲ್ಲ. ಮೊದಲ ಸಾಲಿನಲ್ಲಿದ್ದ ಪಕ್ಕದ ಮನೆಯ ಬಸವಪ್ರಭು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ತಲೆ ಎದೆಯ ಮೇಲೆ ಬಿದ್ದಾಗ ಮಾತ್ರ ಸಣ್ಣಗೆ ಗೊರಕೆ ಕೇಳುತ್ತಿತ್ತು.

ಅಂತೂ ತೋಳುಗಳು ಮುಗಿದವು. ಹೊಳಬಸಪ್ಪನವರು ನೀರು ಕುಡಿದರು.

"ಈಗ ನಡುವಿಗೆ ಬಂದೆವು. ಅಲ್ಲಿ ಅಷ್ಟು ಬೆಳಕು ಅದ. ಆ ಬೆಳಕಿನ ಒಳಗ ಕೂತದ್ದು ಏನು ಗೊತ್ತದ ಏನ್ರಿ? ಅದು..."

"ಟೆಂಪೋ ಆಲಾ! ಟೆಂಪೋ ಬಂತು!" ಬಾಗಿಲಲ್ಲಿ ಯಾರೋ ಕೂಗಿದರು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಸವಪ್ರಭುವಂತೂ ಶಿಳ್ಳೆ ಹೊಡೆದ. ಲೀಲಾಕ್ಷಿಯವರು ಮೈಕು ಕಸಿದುಕೊಂಡು, "ಗೆಲಾಕ್ಸಿಯ ಕೇಂದ್ರದ ರಹಸ್ಯವನ್ನು ಮನಮುಟ್ಟುವಂತೆ ಬಿಡಿಸಿಟ್ಟ ಮಾನ್ಯ ಹೊಳಬಸಪ್ಪನವರಿಗೆ ಧನ್ಯವಾದಗಳು, ಊಟ ಮಾಡಿಯೇ ಹೋಗಬೇಕು," ಎಂದು ಒಂದೇ ಉಸಿರಿನಲ್ಲಿ ಮುಗಿಸಿದರು. ಕೊನೆಯ ಮಾತು ಕೇಳಲು ಸಭಾಂಗಣದಲ್ಲಿ ಖಾಲಿ ಕುರ್ಚಿಗಳಷ್ಟೇ ಇದ್ದವು.

ಊಟದ ಕೋಣೆ ಚಿಕ್ಕದು, ಜನ ಬಹಳ. ಸಾಲು ನೆಟ್ಟಗೆ ನಿಲ್ಲಲಾಗದೆ ಗೋಡೆಗುಂಟ ಸುತ್ತಿ, ಒಳಗೆ ಮತ್ತೊಂದು ಸುತ್ತು ಸುತ್ತಿ, ನಡುವಿನ ಹೋಳಿಗೆಯ ಮೇಜಿಗೆ ಬಂದು ಮುಟ್ಟಿತ್ತು. ಅಲ್ಲಿ ತುಪ್ಪದ ಹೊಗೆ, ತಳ್ಳಾಟ, ಬೈಗುಳ. ಹೊರಗಿನ ತೋಳಿನ ಕಟ್ಟಕಡೆಯಲ್ಲಿ ತಟ್ಟೆ ಹಿಡಿದು ನಿಂತ ಹೊಳಬಸಪ್ಪನವರು ಅದನ್ನು ನೋಡಿ ನಿಟ್ಟುಸಿರು ಬಿಟ್ಟರು.

ಒಳಸುತ್ತಿನಿಂದ ಬಸವಪ್ರಭು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಬಂದ. "ಏನ್ ಭಾಷಣರಿ ಅದು! ಅದರಾಗೂ ಆ ನಡುವಿಂದು! ನಡುವ ಭಾಳ ತಂಪ ಇರ್ತದ ಅಂದ್ರಲ್ಲ, ಮೈ ಜುಮ್ ಅಂತು ನೋಡ್ರಿ."

'ನಾನು ನಡುವಿನದು ಹೇಳೇ ಇಲ್ಲೋ ಮಾರಾಯ, ಮತ್ತ ಅದು ತಂಪಲ್ಲ, ಬೆಂಕಿ' ಎಂದು ಹೊಳಬಸಪ್ಪನವರು ಹೇಳಬೇಕಾಗಿತ್ತು. ಆದರೆ ಮೂರು ವರ್ಷದಲ್ಲಿ ಮೊದಲ ಸಲ ಒಬ್ಬ ತಾನಾಗಿ ಬಂದು ಹೊಗಳಿದ್ದ.

"ಹೌದ್ರಿ, ಭಾಳ ತಂಪ," ಎಂದುಬಿಟ್ಟರು.

ಆಮೇಲೆ ಬಂದವರಿಗೂ ಹೌದೆಂದರು. ನಡುವೆ ದೇವರಿದ್ದಾನೆ ಎಂದವರಿಗೂ, ನಡು ಪೂರಾ ಟೊಳ್ಳು ಎಂದವರಿಗೂ ಕೈಮುಗಿದರು. ಮೇಜು ಮುಟ್ಟುವ ಹೊತ್ತಿಗೆ ಹೋಳಿಗೆ ತೀರಿ, ಪಾತ್ರೆಯಲ್ಲಿ ಬರೀ ಸಾರು ಉಳಿದಿತ್ತು.

ಹೊರಡುವಾಗ ಕಾಂತಪ್ಪನವರು ಉಳಿದಿದ್ದ ಒಂದು ಶಾಲು ತಂದು ಹೊದಿಸಿದರು. "ನನ್ನ ಮಾನ ಉಳಿಸಿದಿರಿ. ಬರುವ ವರ್ಷವೂ ನಿಮ್ಮದೇ ಭಾಷಣ. ಮುಕ್ಕಾಲು ಗಂಟೆ ಪೂರ್ತಿ ನಿಮ್ಮದು."

ಹೊಳಬಸಪ್ಪನವರ ಮುಖ ಅರಳಿತು. "ಹಂಗಾದ್ರ ಬರೋ ವರ್ಷ ನಡುವಿಂದು ಅಷ್ಟs ಹೇಳ್ತೀನ್ರಿ."

"ಎಂತ ಹೇಳ್ತೀರಿ? ಅದು ಇವತ್ತು ಆಯ್ತಲ್ಲ ಮಾರಾಯ್ರೆ! ಊರಿಡೀ ಹೊಗಳ್ತಾ ಉಂಟು. ಹೇಳಿದ್ದನ್ನೇ ಎಷ್ಟು ಸಲ ಹೇಳುವುದು? ಬೇರೆ ಏನಾದ್ರೂ ಹೇಳಿ. ಸುತ್ತ ತೋಳು ಗೀಳು ಇರ್ತದಂತಲ್ಲ, ಅದನ್ನು ನೀವು ಪೂರ್ತಿ ಬಿಟ್ಟೇಬಿಟ್ಟಿರಿ."

ಹೊಳಬಸಪ್ಪನವರು ಹೌಹಾರಿ ಹೆಂಡತಿಯ ಕಡೆ ತಿರುಗಿದರು. ಅವಳಾದರೂ ನಿಜ ಹೇಳಿಯಾಳು ಎಂಬ ಆಸೆ.

"ಖರೇನs ಅದರಿ," ಎಂದರು ಕಾಶವ್ವ, ಕೈಯಲ್ಲಿದ್ದ ಹೋಳಿಗೆಯ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ. "ನಡುವಿಂದು ಭಾಳ ಛಲೋ ಹೇಳಿದ್ರಿ. ಬರೋ ವರ್ಷ ತೋಳಿಂದು ಹೇಳ್ರಿ."